ಗಣಿನಾಡಿನ ಪುನಶ್ಚೇತನದಲ್ಲಿ ಗಾಯಾಳುಗಳೂ ಸೇರಲಿ



ಓಬಳಾಪುರದ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಕಬ್ಬಿಣದ ಅದಿರು, ಗಡಿಗುರುತಿನ ವ್ಯಾಜ್ಯ ಮತ್ತು ನ್ಯಾಯಾಲಯದ ತೀರ್ಪುಗಳ ಜೊತೆಗೇ. ಅದಿರನ್ನು ಅಗೆದು ತುಂಬುವ ಕೆಲಸದಲ್ಲಾಗಲಿ, ಅದಿರಿನ ಲಾರಿಗಳು ಓಡಾಡಿದ ರಸ್ತೆಗಳಲ್ಲಾಗಲಿ ಕೈಕಾಲು ಕಳೆದುಕೊಂಡವರು, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವರು ಆ ಸುದ್ದಿಗಳ ಅಂಚಿಗೂ ಬಂದದ್ದು ಅಪರೂಪ.

ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ನೀಡಿದ ತೀರ್ಪು, ಗಣಿಗಳು ಮತ್ತೆ ಕೆಲಸ ಆರಂಭಿಸಬೇಕಾದರೆ ಹಾಳಾದ ನೆಲದ ಪುನಶ್ಚೇತನ ಯೋಜನೆಗೆ ಬದ್ಧವಾಗಿರಬೇಕೆಂದು ವಿಧಿಸಿತು; ಗಣಿಬಾಧಿತ ಪ್ರದೇಶಕ್ಕಾಗಿ ಸಂಗ್ರಹವಾದ ಬೃಹತ್ ನಿಧಿಯ ವ್ಯಾಪ್ತಿಗೆ ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳು ಸೇರಿದವು. ಅದೇ ಬೆಟ್ಟಸಾಲಿನ ಆಂಧ್ರದ ಬದಿಯಲ್ಲಿರುವ ಓಬಳಾಪುರ ಮತ್ತು ರಾಯದುರ್ಗ ಭಾಗದ ಹಳ್ಳಿಗಳು ಆ ವ್ಯಾಪ್ತಿಯ ಹೊರಗೇ ಉಳಿದವು. ನೆಲಕ್ಕೆ ದೊರೆತ ಈ ಕಾಳಜಿ ದೇಹಕ್ಕೆ ಗಡಿಯ ಎರಡೂ ಬದಿಯಲ್ಲಿ ಸಾಕಷ್ಟು ದೊರೆತಿಲ್ಲವೆಂಬುದೇ ಈ ಪತ್ರದ ಆಕ್ಷೇಪ.

ಪುನಶ್ಚೇತನ ವೈದ್ಯಕೀಯವೆಂದರೆ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆರಂಭವಾಗುವ, ಗಾಯಗೊಂಡ ವ್ಯಕ್ತಿ ಮತ್ತೆ ನಿಲ್ಲಲು, ನಡೆಯಲು, ತುತ್ತು ಎತ್ತಿಕೊಳ್ಳಲು ಮತ್ತು ದುಡಿಯಲು ಸಮರ್ಥನಾಗುವಂತೆ ಮಾಡುವ ದೀರ್ಘ ಚಿಕಿತ್ಸೆ. ಬೆನ್ನುಹುರಿಗೆ, ಅಂದರೆ ಮಿದುಳಿನ ಆದೇಶವನ್ನು ಕೈಕಾಲುಗಳಿಗೆ ಒಯ್ಯುವ ನರಗಳ ಕಟ್ಟಿಗೆ ಪೆಟ್ಟಾದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆಯಾದರೂ ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ, ಮೂತ್ರಕೋಶದ ಆರೈಕೆ ತಪ್ಪಿದರೆ ಸೋಂಕು ಮೂತ್ರಪಿಂಡಕ್ಕೇರುತ್ತದೆ, ಕೀಲುಗಳನ್ನು ಆಡಿಸದಿದ್ದರೆ ಅವು ಸೆಟೆದು ಬಿಗಿಯುತ್ತವೆ. ಅನೇಕರ ಪ್ರಾಣ ತೆಗೆಯುವುದು ಮೂಲ ಗಾಯವಲ್ಲ, ತಡೆಯಬಹುದಾಗಿದ್ದ ಈ ತೊಡಕುಗಳು. ಕಾಲು ಕತ್ತರಿಸಿದವರಿಗೂ ಕೃತಕ ಕಾಲನ್ನು ಒಮ್ಮೆ ಕೊಟ್ಟರೆ ಸಾಲದು, ಏಕೆಂದರೆ ಉಳಿದ ಮೊಂಡು ಮೊದಲ ತಿಂಗಳುಗಳಲ್ಲಿ ಬಾವು ಇಳಿದು ಕುಗ್ಗುವುದರಿಂದ ಅದು ಕೂರುವ ಬಟ್ಟಲನ್ನು ಮತ್ತೆ ಅಳೆದು ಬದಲಿಸಬೇಕಾಗುತ್ತದೆ. ಶಿಬಿರದಲ್ಲಿ ಸಲಕರಣೆ ಹಂಚಿ, ಫೋಟೊ ತೆಗೆಸಿಕೊಂಡು ಹೋಗುವ ಪದ್ಧತಿಯಿಂದ ಇದು ಸಾಧ್ಯವಿಲ್ಲ.

ಕಾನೂನಿನ ದೃಷ್ಟಿಯೂ ಇಲ್ಲಿ ಅರ್ಧಕ್ಕೇ ನಿಂತಿದೆ. 2025ರವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿ ಶೇ 30ರಷ್ಟು ನಷ್ಟವಾಯಿತೆಂದು ಲೆಕ್ಕ ಹಾಕುತ್ತಿತ್ತು. ಕಳೆದುದಕ್ಕೆ ಬೆಲೆ ಕಟ್ಟುವ ಈ ಲೆಕ್ಕ, ಉಳಿದ ಕೈಯಿಂದ ಏನು ಮಾಡಬಹುದೆಂದು ಕೇಳುತ್ತಿರಲಿಲ್ಲ. ಆಯುಷ್ಮಾನ್ ಭಾರತ ಯೋಜನೆಯು ಬಿಡುಗಡೆಯ ನಂತರದ 15 ದಿನಗಳ ವೆಚ್ಚವನ್ನು ಮಾತ್ರ ಭರಿಸುತ್ತದೆ, ಆದರೆ ಫಿಸಿಯೋಥೆರಪಿಗೆ ತಿಂಗಳುಗಳೇ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪುನರ್ವಸತಿ ಸೇವೆಯನ್ನು ಸರ್ಕಾರದ ಹೊಣೆಯಾಗಿಸಿದ್ದರೂ, ದಿನಗೂಲಿ ಬಿಟ್ಟು ವಾರಕ್ಕೆ ಮೂರು ಸಲ ಅನಂತಪುರಕ್ಕೆ ಬಸ್ಸಿನಲ್ಲಿ ಹೋಗಿಬರಬೇಕಾದ ಕುಟುಂಬ ಕೆಲವೇ ವಾರಗಳಲ್ಲಿ ಚಿಕಿತ್ಸೆಯನ್ನೇ ಕೈಬಿಡುತ್ತದೆ. ಈ ಹಳ್ಳಿಗಳಿಗೆ ಬಳ್ಳಾರಿಯೇ ಹತ್ತಿರ, ಮನೆಮಾತು ಕನ್ನಡವಾದವರಿಗೆ ಅಲ್ಲಿ ವ್ಯಾಯಾಮದ ಸೂಚನೆಯೂ ಸುಲಭವಾಗಿ ತಿಳಿಯುತ್ತದೆ. ಆದರೆ ರಾಜ್ಯದ ಆರೋಗ್ಯ ಕಾರ್ಡು ಗಡಿ ದಾಟಿದೊಡನೆ ತೊಡಕಿಗೆ ಸಿಲುಕುತ್ತದೆ.

ಹಣದ ಕೊರತೆಯೆಂಬ ಉತ್ತರ ಒಪ್ಪತಕ್ಕದ್ದಲ್ಲ. 2015ರಲ್ಲಿ ಜಾರಿಗೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ, ಅಂದರೆ ಗಣಿಗಾರರಿಂದ ಜಿಲ್ಲೆಯ ಬಾಧಿತರಿಗಾಗಿ ಸಂಗ್ರಹಿಸುವ ನಿಧಿಯ, ಆದ್ಯತೆಗಳಲ್ಲಿ ಆರೋಗ್ಯವೂ ಅಂಗವಿಕಲರ ಕಲ್ಯಾಣವೂ ಇವೆ. ಅನಂತಪುರದ ಪ್ರತಿಷ್ಠಾನವು ರಾಯದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಮತ್ತು ಕೃತಕ ಅಂಗಗಳ ತಂತ್ರಜ್ಞರಿರುವ ಕಾಯಂ ಘಟಕವೊಂದನ್ನು ತೆರೆಯಲಿ; ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮಾದರಿಯನ್ನು, ಪಿಂಚಣಿ ಅರ್ಜಿಗಷ್ಟೇ ಸೀಮಿತಗೊಳಿಸದೆ ಮನೆಯಲ್ಲೇ ವ್ಯಾಯಾಮ ಕಲಿಸುವ ತರಬೇತಿಯೊಂದಿಗೆ, ಇಲ್ಲಿಯೂ ತರಲಿ. ಗಡಿಭಾಗದ ಗಾಯಾಳುಗಳಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ದೀರ್ಘಾವಧಿ ಚಿಕಿತ್ಸೆ ದೊರೆಯುವಂತೆ ಎರಡೂ ರಾಜ್ಯಗಳ ಆರೋಗ್ಯ ಇಲಾಖೆಗಳು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂದು, ರಾಯದುರ್ಗ ಮತ್ತು ಬಳ್ಳಾರಿಯ ಜನಪ್ರತಿನಿಧಿಗಳು ಈ ಬೇಡಿಕೆಯನ್ನು ತಮ್ಮ ತಮ್ಮ ಸದನಗಳಲ್ಲಿ ಎತ್ತಬೇಕೆಂದು ವಿನಂತಿ.

— ಓದುಗರೊಬ್ಬರು, ಓಬಳಾಪುರ