ತಪ್ಪಿದ ಅನಾಹುತಗಳಿಗೂ ಲೆಕ್ಕ ಬೇಕು

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡು ರನ್‌ವೇಗಳಿಂದ ಇಂಡಿಗೊ ಸಂಸ್ಥೆಯ ಎರಡು ವಿಮಾನಗಳು ಹೆಚ್ಚುಕಡಿಮೆ ಏಕಕಾಲಕ್ಕೆ ಮೇಲೇರಿದವು. ಒಂದು ಕೋಲ್ಕತ್ತಕ್ಕೆ, ಇನ್ನೊಂದು ಭುವನೇಶ್ವರಕ್ಕೆ ಹೊರಟಿತ್ತು. ಆ ಹೊತ್ತಿನಲ್ಲಿ ಒಂದೇ ರನ್‌ವೇ ಬಳಸಬೇಕೆಂಬ ತೀರ್ಮಾನ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲ. ಒಂದರ ಹಾದಿಯತ್ತ ಇನ್ನೊಂದು ಸಾಗುತ್ತಿದ್ದುದನ್ನು ರೇಡಾರ್ ನಿಯಂತ್ರಕರೊಬ್ಬರು ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. ಎರಡೂ ವಿಮಾನಗಳಲ್ಲಿದ್ದ 426 ಜನರ ಪ್ರಾಣ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಆ ಕ್ಷಣವಲ್ಲ, ಅದರ ನಂತರದ ಮೌನ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ಅಧಿಕಾರಿಗಳೇ ಹೇಳಿದಂತೆ, ಈ ಘಟನೆ ಯಾವ ದಾಖಲೆ ಪುಸ್ತಕದಲ್ಲಿಯೂ ನಮೂದಾಗಲಿಲ್ಲ. ವಿಮಾನ ಸಂಚಾರ ನಿಯಂತ್ರಣದ ಹೊಣೆ ಹೊತ್ತ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವೂ ವರದಿ ಮಾಡಲಿಲ್ಲ. ವಿಷಯ ಸಾರ್ವಜನಿಕರಿಗೆ ತಿಳಿಯುವ ಹೊತ್ತಿಗೆ ಒಂದು ವಾರಕ್ಕೂ ಹೆಚ್ಚು ಕಾಲ ಕಳೆದಿತ್ತು. ಆಮೇಲೆ ಬಂದದ್ದು ತಪ್ಪಿತಸ್ಥರ ಮೇಲೆ ಕಠಿಣ ಕ್ರಮದ ಘೋಷಣೆ.

2024ರ ಜೂನ್ 8ರಂದು ಮುಂಬೈಯಲ್ಲಿ ಏರ್ ಇಂಡಿಯಾ ವಿಮಾನವೊಂದು ರನ್‌ವೇ ಬಿಟ್ಟು ಮೇಲೇಳುತ್ತಿದ್ದಂತೆಯೇ ಅದೇ ರನ್‌ವೇ ಮೇಲೆ ಇಂಡೋರ್‌ನಿಂದ ಬಂದ ಇಂಡಿಗೊ ವಿಮಾನ ಇಳಿಯಿತು. ಅದರ ದೃಶ್ಯ ದೇಶದಾದ್ಯಂತ ಹರಿದಾಡಿತು. ಸಂಬಂಧಪಟ್ಟ ನಿಯಂತ್ರಕರನ್ನು ಕೂಡಲೇ ಕರ್ತವ್ಯದಿಂದ ದೂರ ಇಡಲಾಯಿತು. ತನಿಖೆ ಮುಗಿಯುವವರೆಗೆ ಹಾಗೆ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಅಂದು ಇಂಥದೇ ಪ್ರಮಾದವನ್ನು ಯಾರೂ ಕಾಣದಂತೆ ಎಸಗಿದ ಇನ್ನೊಬ್ಬ ನಿಯಂತ್ರಕ ಈ ಸುದ್ದಿಯಿಂದ ಕಲಿತ ಪಾಠವೇನು? ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ ಎಂಬುದಲ್ಲವೇ?

ಯಂತ್ರಗಳಿವೆಯಲ್ಲ ಎನ್ನುವವರಿದ್ದಾರೆ. 1996ರ ನವೆಂಬರ್ 12ರಂದು ದೆಹಲಿಗೆ ಸಮೀಪದ ಚರ್ಖಿ ದಾದ್ರಿಯ ಮೇಲೆ, ಇಳಿಯುತ್ತಿದ್ದ ಕಜಕಸ್ತಾನದ ವಿಮಾನವೂ ಏರುತ್ತಿದ್ದ ಸೌದಿ ವಿಮಾನವೂ ಡಿಕ್ಕಿಯಾಗಿ 349 ಜನ ಸತ್ತರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆ ಬಳಿಕವೇ ನಮ್ಮಲ್ಲಿ ಘರ್ಷಣೆ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಅದು ಅಮೂಲ್ಯವಾದ ಉಪಕರಣ, ನಿಜ. ಆದರೆ ನೆಲದಿಂದ ಸುಮಾರು ಸಾವಿರ ಅಡಿಗಿಂತ ಕೆಳಗೆ ಅದು ಪೈಲಟ್‌ಗೆ ‘ಏರು’, ‘ಇಳಿ’ ಎಂಬ ಆದೇಶ ಕೊಡುವುದಿಲ್ಲ. ವಿಮಾನಗಳು ಅತ್ಯಂತ ಹತ್ತಿರ ಬರುವ ನಿಲ್ದಾಣದ ಅಂಚಿನಲ್ಲಿ ಮನುಷ್ಯನ ಕಣ್ಣು, ಕಿವಿ, ಮಾತುಗಳೇ ಇಂದಿಗೂ ಆಸರೆ.

ಮೌನದ ಬೆಲೆಯನ್ನು ಅಮೆರಿಕ ಅರ್ಧ ಶತಮಾನದ ಹಿಂದೆಯೇ ತೆತ್ತಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣದತ್ತ ಇಳಿಯುತ್ತಿದ್ದ ಟಿಡಬ್ಲ್ಯುಎ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 92 ಮಂದಿ ಮೃತಪಟ್ಟರು. ಕೇವಲ ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ತಪ್ಪು ತಿಳಿವಳಿಕೆಯಿಂದ ಅದೇ ಬೆಟ್ಟವನ್ನು ಕೂದಲೆಳೆಯ ಅಂತರದಲ್ಲಿ ದಾಟಿತ್ತು. ಯುನೈಟೆಡ್ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಆ ಎಚ್ಚರಿಕೆ ಬೇರೆಯವರನ್ನು ಮುಟ್ಟಲಿಲ್ಲ.

ಈ ದುರಂತದ ಬಳಿಕ ಅಲ್ಲಿನ ವಿಮಾನಯಾನ ಆಡಳಿತ ಸಂಸ್ಥೆ ತಪ್ಪುಗಳ ವರದಿಗಳನ್ನು ತಾನೇ ಆಹ್ವಾನಿಸಿತು. ಆದರೆ ಪೈಲಟ್‌ಗಳು ನಂಬಲಿಲ್ಲ. ಬೆತ್ತ ಹಿಡಿದು ನಿಂತ ಮೇಷ್ಟರ ಮುಂದೆ ಯಾವ ಹುಡುಗ ತಾನಾಗಿ ತಪ್ಪೊಪ್ಪಿಕೊಂಡಾನು? ಆದ್ದರಿಂದ 1976ರಲ್ಲಿ, ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾ ಸಂಸ್ಥೆಗೆ ಆ ಕೆಲಸವನ್ನು ಒಪ್ಪಿಸಲಾಯಿತು. ನಾಸಾ ವರದಿಗಾರರ ಹೆಸರು ಅಳಿಸಿ, ಪಾಠವನ್ನಷ್ಟೇ ಎಲ್ಲರಿಗೂ ಹಂಚುತ್ತದೆ. ಉದ್ದೇಶಪೂರ್ವಕ ಕೃತ್ಯ, ಅಪರಾಧ ಮತ್ತು ಅಪಘಾತಗಳಿಗೆ ಈ ರಕ್ಷಣೆ ಇಲ್ಲ.

ನಮ್ಮಲ್ಲಿಯೂ ಸ್ವಯಂಪ್ರೇರಿತ ವರದಿಗೆ ಅವಕಾಶವಿದೆ. ಆದರೆ ಅದನ್ನು ಸ್ವೀಕರಿಸುವುದು ಪರವಾನಗಿ ಕೊಡುವ, ಕಿತ್ತುಕೊಳ್ಳುವ ಡಿಜಿಸಿಎ. ಕೇಳುವ ಕಿವಿಯೂ ದಂಡಿಸುವ ಕೈಯೂ ಒಂದೇ ಆಗಿರುವವರೆಗೆ ನಿಜ ಹೊರಬರುವುದು ಕಷ್ಟ. ಈ ಹೊಣೆಯನ್ನು ಡಿಜಿಸಿಎಗೂ ಪ್ರಾಧಿಕಾರಕ್ಕೂ ಅಧೀನವಲ್ಲದ ವೈಜ್ಞಾನಿಕ ಸಂಸ್ಥೆಯೊಂದಕ್ಕೆ ವಹಿಸಬೇಕೆಂಬುದು ನನ್ನ ಆಗ್ರಹ. ವರದಿ ಮಾಡಿದವನ ಪ್ರಾಮಾಣಿಕ ಪ್ರಮಾದಕ್ಕೆ ಕಾನೂನಿನ ರಕ್ಷಣೆ ಇರಬೇಕು, ಮುಚ್ಚಿಟ್ಟವನಿಗೆ ಶಿಕ್ಷೆಯಾಗಬೇಕು. ಈಗಿರುವುದು ಬಹುಮಟ್ಟಿಗೆ ಇದರ ತಲೆಕೆಳಗು.

ಹಾಗೆಂದು ವರದಿಗಳನ್ನು ಗುಡ್ಡೆ ಹಾಕಿದರೆ ಸಾಲದು. 2025ರ ಜನವರಿ 29ರಂದು ಅದೇ ವಾಷಿಂಗ್ಟನ್‌ನಲ್ಲಿ, ರೇಗನ್ ನಿಲ್ದಾಣದಲ್ಲಿ ಇಳಿಯಲಿದ್ದ ಪ್ರಯಾಣಿಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತರು. ಅಲ್ಲಿ 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ವಿಮಾನ, ಹೆಲಿಕಾಪ್ಟರ್‌ಗಳು ಒಂದಕ್ಕೊಂದು ಅತಿ ಸಮೀಪ ಬಂದ 15,214 ಪ್ರಸಂಗಗಳಿದ್ದವೆಂದು ತನಿಖಾಧಿಕಾರಿಗಳು ಆಮೇಲೆ ಲೆಕ್ಕಹಾಕಿದರು. ಮಾಹಿತಿ ಇತ್ತು, ಅದನ್ನು ಓದಿ ಮಾರ್ಗ ಬದಲಿಸಬೇಕಾದವರು ಬದಲಿಸಲಿಲ್ಲ. ಆದ್ದರಿಂದ ಪ್ರತಿ ವರದಿಗೂ ಕಾಲಮಿತಿಯೊಳಗೆ ಉತ್ತರ ಕೊಡುವ, ಕೈಗೊಂಡ ಕ್ರಮವನ್ನು ಪ್ರಕಟಿಸುವ ಕಟ್ಟುಪಾಡು ಡಿಜಿಸಿಎ ಮೇಲಿರಬೇಕು.

ಅಪಘಾತವಾದರೆ ಆಯೋಗ ಕೂರುತ್ತದೆ, ಪರಿಹಾರ ಘೋಷಣೆಯಾಗುತ್ತದೆ, ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ. ತಪ್ಪಿದ ಅಪಘಾತಕ್ಕೆ ವಾರಸುದಾರರಿಲ್ಲ. ಆದರೆ ಒಂದು ಜೀವವನ್ನೂ ಬಲಿಕೊಡದೆ ಪಾಠ ಕಲಿಯುವ ಅವಕಾಶ ಸಿಗುವುದು ಅಲ್ಲಿ ಮಾತ್ರ. ಬೆಂಗಳೂರಿನ ಆ ಬೆಳಗು ಮೊದಲ ದಿನವೇ ದಾಖಲೆಗೆ ಸೇರಬೇಕಿತ್ತು. ಮುಂದಿನದಾದರೂ ಸೇರುವಂತೆ ಸರ್ಕಾರ ಈಗಲೇ ವ್ಯವಸ್ಥೆ ಮಾಡಲಿ.