ಐರ್ಲಂಡದ ಪರರಾಷ್ಟ್ರ ನೀತಿ: ಪ್ರಶ್ನೆಯೂ ಸಮ್ಮತಿಯೂ

ಪರರಾಷ್ಟ್ರ ವ್ಯವಹಾರವೆಂದರೆ ಮುಚ್ಚಿದ ಬಾಗಿಲಿನ ಹಿಂದೆ ನಾಲ್ಕಾರು ಮುತ್ಸದ್ದಿಗಳು ನಡೆಯಿಸತಕ್ಕ ಗುಟ್ಟಿನ ಮಾತುಕತೆ, ಅದರಲ್ಲಿ ಪ್ರಜೆಗೆ ಪ್ರವೇಶವಿಲ್ಲ, ಎಂಬ ಭಾವನೆಯು ರಾಜರ ಕಾಲದಿಂದ ಬಂದುದು. ರಾಜರು ಹೋದರೂ ಆ ಭಾವನೆಯು ಹೋಗಿಲ್ಲ. ತೆರಿಗೆಯ ವಿಷಯದಲ್ಲಿ, ಶಿಕ್ಷಣದ ವಿಷಯದಲ್ಲಿ ಮಂತ್ರಿಯನ್ನು ಸಭೆಯಲ್ಲಿ ನಿಲ್ಲಿಸಿ ಲೆಕ್ಕ ಕೇಳುವ ಪ್ರತಿನಿಧಿಯು ಪರರಾಷ್ಟ್ರದ ಮಾತು ಬಂದೊಡನೆ ಧ್ವನಿಯನ್ನು ತಗ್ಗಿಸುವನು. ಈ ಸಂಕೋಚವನ್ನು ಬಹುಮಟ್ಟಿಗೆ ಗೆದ್ದ ದೇಶಗಳಲ್ಲಿ ಐರ್ಲಂಡವು ಒಂದಾಗಿರುವದರಿಂದ, ಅಲ್ಲಿ ಈಗ ನಡೆದಿರುವ ವಾದವಿವಾದವನ್ನು ವಾಚಕರ ಮುಂದಿಡುವದು ಉಚಿತವೆಂದು ಭಾವಿಸುತ್ತೇವೆ.

ಐರ್ಲಂಡದ ಲೋಕಪ್ರತಿನಿಧಿ ಸಭೆಗೆ ಡಾಯಿಲ್ ಎಂದು ಹೆಸರು. 2024ರ ಚುನಾವಣೆಯ ತರುವಾಯ ಅದರ ಸದಸ್ಯರ ಸಂಖ್ಯೆ 174. ಪ್ರತಿಯೊಂದು ಖಾತೆಯ ಮಂತ್ರಿಯೂ ಸರದಿಯ ಮೇರೆಗೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆಗಳಿಗೆ ಉತ್ತರ ಕೊಡತಕ್ಕದ್ದೆಂಬ ನಿಯಮವು ಅಲ್ಲಿದೆ. ಪರರಾಷ್ಟ್ರ ಮಂತ್ರಿಯೂ ಇದಕ್ಕೆ ಹೊರತಲ್ಲ. ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬೇಕು. ಉತ್ತರವನ್ನು ಇಲಾಖೆಯವರು ಸಿದ್ಧಪಡಿಸಿ ಮಂತ್ರಿಯ ಕೈಗಿಡುವರು. ಆದರೆ ಅದನ್ನು ಓದಿ ಮುಗಿಸಿದ ಮೇಲೆ ಬರುವ ಉಪಪ್ರಶ್ನೆಗೆ ಮಂತ್ರಿಯು ತನ್ನ ಬುದ್ಧಿಯನ್ನೇ ನೆಚ್ಚಬೇಕಾಗುವದು. ನೀತಿಯ ನಿಜವಾದ ಗಟ್ಟಿತನವು ಗೊತ್ತಾಗುವದು ಆ ಗಳಿಗೆಯಲ್ಲಿಯೇ. 2020ರಿಂದ 2025ರ ವರೆಗೆ ಈ ಸ್ಥಾನಕ್ಕೆ ಬಂದ ಸಾಯಮನ್ ಕೊವ್‌ನಿ, ಮೀಹಾಲ್ ಮಾರ್ಟಿನ್, ಸಾಯಮನ್ ಹ್ಯಾರಿಸ್, ಹೆಲನ್ ಮೆಕೆಂಟಿ ಇವರೆಲ್ಲರೂ ಪರರಾಷ್ಟ್ರ ಖಾತೆಯೊಡನೆ ರಕ್ಷಣಾ ಖಾತೆಯನ್ನೂ ವಹಿಸಿಕೊಂಡವರೆಂಬದು ಗಮನಾರ್ಹವಾಗಿದೆ. ಅಂದಮೇಲೆ ದೇಶದ ಮಾತು ಏನು, ದೇಶದ ಸೈನಿಕರು ಎಲ್ಲಿಗೆ ಹೋಗಬೇಕು ಎಂಬ ಎರಡು ಪ್ರಶ್ನೆಗಳಿಗೂ ಒಬ್ಬರೇ ಉತ್ತರವಾದಿಗಳಾದರು.

ಡಾಯಿಲ್ ಸಭೆಗೂ ಪರರಾಷ್ಟ್ರ ನೀತಿಗೂ ಇರುವ ನಂಟು ಹುಟ್ಟಿನಿಂದ ಬಂದುದು. 1919ರ ಜನೇವರಿ 21ರಂದು ಡಬ್ಲಿನ್ ನಗರದಲ್ಲಿ ಆ ಸಭೆಯು ಮೊದಲ ಸಲ ಕೂಡಿದಾಗ, ಹೆಸರುಗಳನ್ನು ಕೂಗಿದಂತೆಲ್ಲ ಅನೇಕರ ಹೆಸರಿನ ಮುಂದೆ ಬಂದ ಉತ್ತರವು ಒಂದೇ: ಪರಕೀಯರ ಸೆರೆಯಲ್ಲಿದ್ದಾರೆ. ಸೆರೆಮನೆಯ ನೆರಳಿನಲ್ಲಿ ಕೂಡಿದ ಆ ಸಣ್ಣ ಸಭೆಯು ಅದೇ ದಿನ ಸ್ವಾತಂತ್ರ್ಯದ ಘೋಷಣೆಯೊಡನೆ ಜಗತ್ತಿನ ಸ್ವತಂತ್ರ ರಾಷ್ಟ್ರಗಳಿಗೆ ಒಂದು ಸಂದೇಶವನ್ನೂ ಹೊರಡಿಸಿತು. ಇನ್ನೂ ಸ್ವರಾಜ್ಯವು ಕೈಗೆ ಬಂದಿರಲಿಲ್ಲ. ಆದರೂ ತಮ್ಮ ಮಾತನ್ನು ಪರರು ಆಡಬಾರದು, ತಾವೇ ಆಡಬೇಕು, ಎಂಬ ನಿಶ್ಚಯವು ಅವರಲ್ಲಿತ್ತು. ಇಂಥ ಸಭೆಯ ವಾರಸುದಾರರು ತಮ್ಮ ಮಂತ್ರಿಯನ್ನು ಪರರಾಷ್ಟ್ರ ವಿಷಯದಲ್ಲಿ ಪ್ರಶ್ನಿಸುವದನ್ನು ಜನ್ಮಸಿದ್ಧ ಹಕ್ಕೆಂದು ತಿಳಿದರೆ ಆಶ್ಚರ್ಯವೇನು?

ಆದರೆ ಪ್ರಶ್ನೆ ಕೇಳುವ ಹಕ್ಕು ಬೇರೆ, ಸಮ್ಮತಿಯನ್ನು ಕೊಡುವ ಇಲ್ಲವೆ ನಿರಾಕರಿಸುವ ಹಕ್ಕು ಬೇರೆ. ಮೊದಲನೆಯದಕ್ಕೆ ಬಲ ಬರುವದು ಎರಡನೆಯದರಿಂದ. ಐರ್ಲಂಡದ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ.

1932ರಿಂದ 1948ರ ವರೆಗೆ ಡಿ ವ್ಯಾಲೆರಾ ಅವರು ಸರಕಾರದ ಮುಖ್ಯಸ್ಥರೂ ಪರರಾಷ್ಟ್ರ ಮಂತ್ರಿಗಳೂ ಆಗಿದ್ದರು. 1936ರ ಕಾನೂನಿನ ಮೇರೆಗೆ ಒಳನಾಡಿನ ಆಡಳಿತದಿಂದ ಆಂಗ್ಲ ಅರಸನನ್ನು ಹೊರಗೆ ಹಾಕಿದ್ದರೂ ರಾಯಭಾರಿಗಳ ನೇಮಕದಂಥ ಹೊರಗಿನ ವ್ಯವಹಾರದಲ್ಲಿ ಅವನ ಹೆಸರನ್ನು ಉಳಿಸಿಕೊಂಡಿದ್ದರು. 1945ರ ಜುಲೈ ತಿಂಗಳಲ್ಲಿ ಜೇಮ್ಸ್ ಡಿಲನ್ ಎಂಬ ಸದಸ್ಯರು ಸರಳವಾದ ಪ್ರಶ್ನೆಯೊಂದನ್ನು ಎತ್ತಿದರು: ನಮ್ಮದು ಗಣರಾಜ್ಯವೋ, ಅಲ್ಲವೋ? ಡಿ ವ್ಯಾಲೆರಾ ಅವರು ಹೌದೆಂದರು. ಅಷ್ಟಕ್ಕೇ ಬಿಡದೆ, ಜುಲೈ 17ರಂದು ನಿಘಂಟು, ವಿಶ್ವಕೋಶಗಳಿಂದ ಗಣರಾಜ್ಯವೆಂಬ ಶಬ್ದದ ಅರ್ಥಗಳನ್ನು ಸಭೆಗೆ ಓದಿ ತೋರಿಸಿ ತಮ್ಮ ಮಾತನ್ನು ಸಮರ್ಥಿಸಿದರು. ಜನರು ಅದನ್ನು ನಿಘಂಟಿನ ಗಣರಾಜ್ಯವೆಂದು ಕರೆದರು. ಉತ್ತರವು ದೊರೆಯಿತು, ಸಂಶಯವು ಹರಿಯಲಿಲ್ಲ. ಅದು ಹರಿದುದು ಬೇರೊಂದು ಸರಕಾರವು ಬಂದು 1948ರಲ್ಲಿ ಕಾನೂನು ಮಾಡಿ, 1949ರ ಎಪ್ರಿಲ್ 18ರಂದು ಗಣರಾಜ್ಯವನ್ನು ಜಾರಿಗೆ ತಂದಾಗಲೇ.

ಇದಕ್ಕಿಂತ ಗಂಭೀರವಾದ ಉದಾಹರಣೆಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಐರ್ಲಂಡವು ತಟಸ್ಥವಾಗಿ ನಿಂತಿತು. ಜಗತ್ತಿಗೂ ಡಾಯಿಲಿಗೂ ಅದೇ ಮಾತನ್ನು ಹೇಳಿತು. ಆದರೆ ಐರಿಶ್ ನೆಲದಲ್ಲಿ ಇಳಿದ ಮಿತ್ರಪಕ್ಷದ ವಿಮಾನಿಕರಲ್ಲಿ ಅನೇಕರನ್ನು ಸದ್ದಿಲ್ಲದೆ ಗಡಿ ದಾಟಿಸಿ ಕಳಿಸಲಾಯಿತು. ಪಶ್ಚಿಮ ಕರಾವಳಿಯ ಹವಾಮಾನದ ವರದಿಗಳು ಬ್ರಿಟನ್ನಿಗೆ ಹೋಗುತ್ತಲೇ ಇದ್ದವು. 1944ರ ಜೂನದಲ್ಲಿ ನಾರ್ಮಂಡಿಯ ದಾಳಿಯ ದಿನವನ್ನು ನಿಶ್ಚಯಿಸುವಲ್ಲಿ ಬ್ಲ್ಯಾಕ್‌ಸಾಡ್ ಎಂಬ ಐರಿಶ್ ಕೇಂದ್ರದ ವರದಿಯು ಉಪಯುಕ್ತವಾಯಿತು. ಇವು ಯಾವವೂ ಆ ಕಾಲದಲ್ಲಿ ಡಾಯಿಲಿನಲ್ಲಿ ಬಹಿರಂಗವಾಗಲಿಲ್ಲ. ಯುದ್ಧಕಾಲದಲ್ಲಿ ಗುಟ್ಟು ಅವಶ್ಯವೆಂಬ ವಾದವನ್ನು ನಾವು ಅಲ್ಲಗಳೆಯುವದಿಲ್ಲ. ಆ ಗುಟ್ಟು ಆಗ ದೇಶವನ್ನು ಕಾಪಾಡಿತೆಂದೂ ಹೇಳಬಹುದು. ಆದರೆ ಮಂತ್ರಿಯು ಹೇಳಬೇಕೆಂದಷ್ಟನ್ನೇ ಸಭೆಯು ಕೇಳಬಲ್ಲದೆಂಬದು ಇದರಿಂದ ಸಿದ್ಧವಾಗುವದು.

ಪ್ರಶ್ನೆಯ ಪದ್ಧತಿಯಿಂದ ನೀತಿಗೆ ಬಲ ಬಂದ ಸಂದರ್ಭಗಳೂ ಇವೆ. ಐರ್ಲಂಡವು 1955ರ ಡಿಸೆಂಬರದಲ್ಲಿ ವಿಶ್ವಸಂಸ್ಥೆಯನ್ನು ಸೇರಿತು. 1957ರಲ್ಲಿ ಪರರಾಷ್ಟ್ರ ಮಂತ್ರಿ ಫ್ರಾಂಕ್ ಏಕೆನ್ ಅವರು ಚೀನದ ಪ್ರಾತಿನಿಧ್ಯದ ಪ್ರಶ್ನೆಯನ್ನು ಅಲ್ಲಿ ಚರ್ಚಿಸಬೇಕೆಂದು ಮತವಿತ್ತಾಗ ಅಮೇರಿಕೆಗೆ ಸಿಟ್ಟು ಬಂದಿತು; ಡಾಯಿಲಿನ ವಿರೋಧ ಪಕ್ಷವೂ ಅವರನ್ನು ತರಾಟೆಗೆ ತೆಗೆದುಕೊಂಡಿತು. ಏಕೆನ್ ಅವರು ತಮ್ಮ ನಿಲುವಿಗೆ ಕಾರಣಗಳನ್ನು ಹೇಳಿದರು, ನಿಲುವನ್ನು ಬಿಡಲಿಲ್ಲ. ಅವರೇ 1958ರಿಂದ ಅಣ್ವಸ್ತ್ರಗಳ ಪ್ರಸಾರವನ್ನು ತಡೆಯಬೇಕೆಂದು ವಿಶ್ವಸಂಸ್ಥೆಯಲ್ಲಿ ಪಟ್ಟು ಹಿಡಿದರು. 1961ರಲ್ಲಿ ಅವರ ಠರಾವು ಸರ್ವಾನುಮತದಿಂದ ಪಾಸಾಯಿತು. 1968ರ ಜುಲೈ 1ರಂದು ಅಣ್ವಸ್ತ್ರ ಪ್ರಸಾರ ನಿಷೇಧದ ಒಪ್ಪಂದಕ್ಕೆ ಮೊದಲ ಸಹಿಯನ್ನು ಹಾಕುವ ಗೌರವವು ಐರ್ಲಂಡದ್ದಾಯಿತು. ಮನೆಯಲ್ಲಿ ಜವಾಬು ಹೇಳಿ ಬಂದ ಮಂತ್ರಿಯ ಮಾತಿಗೆ ಹೊರಗೆ ತೂಕ ಹೆಚ್ಚು.

ಪ್ಯಾಲೆಸ್ಟೈನದ ವಿಷಯದಲ್ಲಿಯೂ ಹೀಗೆಯೇ ಆಯಿತು. ಆ ರಾಷ್ಟ್ರಕ್ಕೆ ಮಾನ್ಯತೆ ಕೊಡಬೇಕೆಂದು ಡಾಯಿಲ್ 2014ರ ಡಿಸೆಂಬರದಲ್ಲಿಯೇ ಅಭಿಪ್ರಾಯಪಟ್ಟಿತ್ತು. ಸರಕಾರವನ್ನು ಕಟ್ಟಿಹಾಕುವ ಶಕ್ತಿಯು ಆ ನಿರ್ಣಯಕ್ಕೆ ಇರಲಿಲ್ಲ. ಪ್ರಶ್ನೆಗಳು ನಿಲ್ಲಲಿಲ್ಲ. ಕೊನೆಗೆ 2024ರ ಮೇ 28ರಂದು ನಾರ್ವೆ, ಸ್ಪೇನ್ ದೇಶಗಳೊಡನೆ ಐರ್ಲಂಡವು ಮಾನ್ಯತೆಯನ್ನು ಕೊಟ್ಟಿತು. ಆಕ್ರಮಿತ ಪ್ರದೇಶದ ವಸಾಹತುಗಳ ಸರಕನ್ನು ತಡೆಯುವ ಮಸೂದೆಯನ್ನು ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ ಅವರು 2018ರಲ್ಲಿ ತಂದರು. ಅಂಥದೊಂದು ಮಸೂದೆಯ ರೂಪರೇಖೆಯನ್ನು ಸರಕಾರವು ತಾನಾಗಿ ಮುಂದಿಟ್ಟುದು 2025ರಲ್ಲಿ. ನೀರು ಹನಿಹನಿಯಾಗಿ ಬಿದ್ದು ಕಲ್ಲು ಸವೆದಂತೆ ಇದು. ಆದರೆ ಆ ಹನಿಗಳ ಲೆಕ್ಕವು ಹತ್ತು ವರ್ಷಗಳದು.

ಇನ್ನು ಶ್ಯಾನನ್ ವಿಮಾನ ನಿಲ್ದಾಣದ ಕಥೆ. 2003ರ ಇರಾಕ ಯುದ್ಧದ ಕಾಲಕ್ಕೆ ಅಮೇರಿಕೆಯ ಸೈನಿಕರು ಆ ನಿಲ್ದಾಣದ ಮಾರ್ಗವಾಗಿ ಸಾಗಿದರು. ತಟಸ್ಥ ದೇಶದಲ್ಲಿ ಇದೇಕೆಂದು ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು. ಇವು ಹಳೆಯ ಏರ್ಪಾಡುಗಳು, ಅಮೇರಿಕೆಯು ಆಶ್ವಾಸನೆಯನ್ನು ಕೊಟ್ಟಿದೆ, ಅದನ್ನು ನಾವು ನಂಬುತ್ತೇವೆ, ಎಂಬ ಉತ್ತರದ ತಿರುಳು ಮಾತ್ರ ಬದಲಾಗಲಿಲ್ಲ. ಸಮ್ಮತಿಯ ಹಕ್ಕು ಜೊತೆಗಿಲ್ಲದ ಪ್ರಶ್ನೆಯು ಕಾಲಾಂತರದಲ್ಲಿ ಒಂದು ಶಿಷ್ಟಾಚಾರವಾಗಿ ಉಳಿಯುವದೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಐರಿಶ್ ಜನರ ದೂರದೃಷ್ಟಿಯನ್ನು ಮೆಚ್ಚಬೇಕಾದುದು ಇಲ್ಲಿಯೇ. ಅವರು ಪ್ರಶ್ನೆಯೊಂದನ್ನೇ ನೆಚ್ಚಿ ಕೂಡ್ರಲಿಲ್ಲ. 1937ರ ಅವರ ರಾಜ್ಯಘಟನೆಯ 28ನೆಯ ಕಲಮಿನ ಮೇರೆಗೆ ಡಾಯಿಲಿನ ಸಮ್ಮತಿಯಿಲ್ಲದೆ ಯುದ್ಧವನ್ನು ಸಾರುವಂತಿಲ್ಲ, ಯಾವ ಯುದ್ಧದಲ್ಲಿಯೂ ಭಾಗವಹಿಸುವಂತಿಲ್ಲ. 29ನೆಯ ಕಲಮಿನ ಮೇರೆಗೆ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಡಾಯಿಲಿನ ಮುಂದಿಡಬೇಕು. ಬೊಕ್ಕಸಕ್ಕೆ ಭಾರ ತರುವ ಒಪ್ಪಂದವು ಅದರ ಒಪ್ಪಿಗೆಯಿಲ್ಲದೆ ದೇಶವನ್ನು ಕಟ್ಟಿಹಾಕಲಾರದು. 1987ರಲ್ಲಿ ರೇಮಂಡ್ ಕ್ರಾಟಿ ಎಂಬ ಒಬ್ಬ ಪ್ರಜೆಯ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯುರೋಪಿನ ಇತರ ರಾಷ್ಟ್ರಗಳೊಡನೆ ಪರರಾಷ್ಟ್ರ ನೀತಿಯನ್ನು ಹೊಂದಿಸಿಕೊಳ್ಳುವ ಕಟ್ಟುಪಾಡಿಗೆ ಸರಕಾರವು ತಾನೇ ಒಪ್ಪುವಂತಿಲ್ಲ, ಜನರನ್ನು ಕೇಳಬೇಕು, ಎಂದು ಐವರಲ್ಲಿ ಮೂವರು ನ್ಯಾಯಾಧೀಶರು ತೀರ್ಪಿತ್ತರು. ಅಂದಿನಿಂದ ಯುರೋಪಿನ ದೊಡ್ಡ ಒಪ್ಪಂದಗಳು ಜನಮತಕ್ಕೆ ಬಂದಿವೆ. 2001ರಲ್ಲಿ ನೀಸ್ ಒಪ್ಪಂದವನ್ನೂ 2008ರಲ್ಲಿ ಲಿಸ್ಬನ್ ಒಪ್ಪಂದವನ್ನೂ ಜನರು ಮೊದಲು ತಿರಸ್ಕರಿಸಿ, ತಟಸ್ಥತೆಯೇ ಮೊದಲಾದ ವಿಷಯಗಳಲ್ಲಿ ಭರವಸೆಗಳನ್ನು ಪಡೆದ ಮೇಲೆಯೇ 2002ರಲ್ಲಿ ಮತ್ತು 2009ರಲ್ಲಿ ಒಪ್ಪಿದರು.

ಸೈನ್ಯವನ್ನು ಹೊರದೇಶಕ್ಕೆ ಕಳಿಸುವದಕ್ಕೆ ಅಲ್ಲಿ ಮೂರು ಬೀಗಗಳು ಎಂದು ಹೆಸರಾದ ಕಟ್ಟಳೆಯುಂಟು. ವಿಶ್ವಸಂಸ್ಥೆಯ ಆದೇಶವಿರಬೇಕು, ಸರಕಾರವು ನಿರ್ಣಯಿಸಬೇಕು, ಸೈನಿಕರು ಹನ್ನೆರಡಕ್ಕಿಂತ ಹೆಚ್ಚಾಗಿದ್ದರೆ ಡಾಯಿಲ್ ಒಪ್ಪಬೇಕು. ಇದರ ಮೂಲವಿರುವದು ಕಾಂಗೋ ದೇಶಕ್ಕೆ ಸೈನ್ಯವನ್ನು ಕಳಿಸುವ ಪ್ರಸಂಗದಲ್ಲಿ 1960ರಲ್ಲಿ ಮಾಡಿದ ಶಾಸನದಲ್ಲಿ. ಅದೇ ವರ್ಷದ ನವೆಂಬರದಲ್ಲಿ ನಿಯೆಂಬಾ ಎಂಬಲ್ಲಿ ಒಂಬತ್ತು ಜನ ಐರಿಶ್ ಸೈನಿಕರು ಮಡಿದರು. ಅಂದಮೇಲೆ ಈ ಬೀಗಗಳು ಕಾಗದದ ಮೇಲಿನವಲ್ಲ, ಹೆಣಗಳನ್ನು ಹೊತ್ತು ತಂದ ನಾಡಿನವು.

2025ರಲ್ಲಿ ಐರಿಶ್ ಸರಕಾರವು ಪ್ರಕಟಿಸಿದ ಮಸೂದೆಯ ರೂಪರೇಖೆಯು ಈ ಮೂರರಲ್ಲಿ ಮೊದಲನೆಯ ಬೀಗವನ್ನು ತೆಗೆಯಬೇಕೆನ್ನುತ್ತದೆ. ಅದರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಭದ್ರತಾ ಮಂಡಲದಲ್ಲಿ ಐದು ಪ್ರಬಲ ರಾಷ್ಟ್ರಗಳಿಗೆ ನಿಷೇಧಾಧಿಕಾರವಿದೆ. ಅವುಗಳಲ್ಲಿ ಒಂದು ಒಲ್ಲೆನೆಂದರೆ ಐರ್ಲಂಡದ ಸೈನಿಕನು ಶಾಂತಿಯ ಕಾರ್ಯಕ್ಕೂ ಹೊರಡುವಂತಿಲ್ಲ. 1999ರಲ್ಲಿ ಚೀನವು ಮ್ಯಾಸಿಡೋನಿಯದಲ್ಲಿದ್ದ ಶಾಂತಿಪಡೆಯ ಮುಂದುವರಿಕೆಯನ್ನು ಹೀಗೆಯೇ ತಡೆಯಿತು. 2003ರಲ್ಲಿ ಯುರೋಪಿನ ಪಡೆಯು ಅಲ್ಲಿಗೆ ಹೋದಾಗ ಐರ್ಲಂಡವು ಹಿಂದೆ ಉಳಿಯಬೇಕಾಯಿತು. ಲೆಬನಾನದಲ್ಲಿ 1978ರಿಂದ, ನಡುನಡುವೆ ಬಿಡುವಿದ್ದರೂ, ಐರಿಶ್ ಸೈನಿಕರು ಸೇವೆ ಸಲ್ಲಿಸಿದ ಪಡೆಯ ಕಾರ್ಯವನ್ನು 2026ರ ಕೊನೆಗೆ ಮುಗಿಸಬೇಕೆಂದು ಅದೇ ಮಂಡಲವು 2025ರ ಆಗಸ್ಟದಲ್ಲಿ ನಿರ್ಣಯಿಸಿತು. ನಮ್ಮ ಮನೆಯ ಕೀಲಿಕೈಯನ್ನು ನೆರೆಯವರ ಕೈಯಲ್ಲಿಡುವದೇಕೆಂದು ಸ್ವಾಭಿಮಾನಿ ರಾಷ್ಟ್ರವು ಕೇಳಿದರೆ ತಪ್ಪೆನ್ನುವವರಾರು? ಆದರೆ ಎದುರುಪಕ್ಷದವರ ಉತ್ತರವೂ ತಳ್ಳಿಹಾಕುವಂಥದಲ್ಲ. ಆ ಬೀಗವು ಇದ್ದುದರಿಂದಲೇ ಪ್ರಬಲ ಮಿತ್ರರ ಒತ್ತಾಯಕ್ಕೆ ಚಿಕ್ಕ ದೇಶವು ಇಲ್ಲವೆನ್ನಲು ಶಕ್ತವಾಯಿತು; ನೀಸ್ ಮತ್ತು ಲಿಸ್ಬನ್ ಜನಮತಗಳಲ್ಲಿ ಮತದಾರರಿಗೆ ಕೊಟ್ಟ ಭರವಸೆಯಲ್ಲಿ ಅದೂ ಸೇರಿತ್ತು, ಎಂದು ಅವರು ನೆನಪು ಮಾಡಿಕೊಡುವರು.

ನಮ್ಮ ದೃಷ್ಟಿಯಲ್ಲಿ ವಾದದ ಮುಖ್ಯ ಬಿಂದುವು ಬೇರೆ ಕಡೆಗಿದೆ. ಅದೇ ರೂಪರೇಖೆಯು ಮೊದಲನೆಯ ಬೀಗವನ್ನು ತೆಗೆಯುವದರೊಡನೆ ಹನ್ನೆರಡರ ಮಿತಿಯನ್ನು ಐವತ್ತಕ್ಕೆ ಏರಿಸಬೇಕೆಂದೂ ಹೇಳುತ್ತದೆ. ಅಂದರೆ ಐವತ್ತು ಜನರ ವರೆಗೆ ಡಾಯಿಲಿನ ಒಪ್ಪಿಗೆಯೂ ಬೇಡ. ಹೊರಗಿನ ಬೀಗವನ್ನು ಕಳಚಿದವನು ಒಳಗಿನ ಬೀಗವನ್ನು ಬಲಪಡಿಸುವದು ಲೋಕರೂಢಿ. ಇಲ್ಲಿ ಎರಡೂ ಒಂದೇ ಸಮಯಕ್ಕೆ ಸಡಿಲಾಗುವವು. ಸೈನಿಕರು ಹೊರಟುಹೋದ ಮೇಲೆ ಮಂತ್ರಿಯನ್ನು ಪ್ರಶ್ನಿಸುವ ಅವಕಾಶವು ಇದ್ದೇ ಇರುವದೆಂದು ಸಮಾಧಾನ ಹೇಳುವರು. ಅದು ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತೆ. ವಿಶ್ವಸಂಸ್ಥೆಯ ಬೀಗವು ಹೋಗುವದಾದರೆ, ಡಾಯಿಲಿನ ಬೀಗವು ಮೊದಲಿಗಿಂತ ಗಟ್ಟಿಯಾಗಲಿ; ಐವತ್ತೇಕೆ, ಐದು ಜನರನ್ನು ಕಳಿಸುವದಾದರೂ ಸಭೆಯ ಸಮ್ಮತಿ ಬೇಕೆನ್ನಲಿ. ಆಗ ಸರಕಾರದ ಸ್ವಾಭಿಮಾನದ ಮಾತಿಗೆ ಅರ್ಥ ಬಂದೀತು. ಕೀಲಿಕೈಯನ್ನು ನೆರೆಯವರಿಂದ ತಂದು ಮನೆಯವರ ಕೈಗೆ ಕೊಡಬೇಕಲ್ಲದೆ, ಕಾರಭಾರಿಯೊಬ್ಬನ ಕಿಸೆಗೆ ಹಾಕಬಾರದು.

ದೂರದ ದ್ವೀಪದ ಈ ಮಾತು ನಮಗೇಕೆಂದು ಕೇಳುವ ವಾಚಕರಿಗೆ ಒಂದೆರಡು ಸಂಗತಿಗಳನ್ನು ನೆನಪಿಸುವೆವು. ನಮ್ಮ ರಾಜ್ಯಘಟನೆಯ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾವ್ ಅವರು 1947ರ ಕೊನೆಯಲ್ಲಿ ಡಬ್ಲಿನ್ನಿಗೆ ಹೋಗಿ ಡಿ ವ್ಯಾಲೆರಾ ಅವರನ್ನು ಕಂಡು ಮಾತಾಡಿ ಬಂದವರು. ನಮ್ಮ ನಿರ್ದೇಶಕ ತತ್ತ್ವಗಳು ಐರಿಶ್ ಮಾದರಿಯವು; ಅಂತರರಾಷ್ಟ್ರೀಯ ಶಾಂತಿಯನ್ನು ಕುರಿತ ನಮ್ಮ 51ನೆಯ ಕಲಮಿಗೂ ಅವರ 29ನೆಯ ಕಲಮಿಗೂ ಒಡಹುಟ್ಟಿದವರ ಹೋಲಿಕೆಯಿದೆ. ಡಿ ವ್ಯಾಲೆರಾ ಅವರಂತೆಯೇ ನೆಹರೂ ಅವರೂ 1947ರಿಂದ 1964ರ ವರೆಗೆ ಪ್ರಧಾನಿಯೂ ಪರರಾಷ್ಟ್ರ ಮಂತ್ರಿಯೂ ಆಗಿದ್ದರು. 1961ರಲ್ಲಿ ಕಾಂಗೋದಲ್ಲಿ ಭಾರತದ ಸೈನಿಕರೂ ಐರಿಶ್ ಸೈನಿಕರೂ ಒಂದೇ ಧ್ವಜದ ಕೆಳಗೆ ಕಾದಿದರು. ಆದರೆ ಐರಿಶರ ಘಟನೆಯಿಂದ ತತ್ತ್ವವನ್ನು ತಂದ ನಾವು ಬೀಗವನ್ನು ತರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ಸೈನ್ಯವನ್ನು ಹೊರಗೆ ಕಳಿಸುವ ಮೊದಲು, ಪಾರ್ಲಿಮೆಂಟಿನ ಸಮ್ಮತಿಯನ್ನು ಪಡೆಯತಕ್ಕದ್ದೆಂದು ನಮ್ಮ ಘಟನೆಯು ಎಲ್ಲಿಯೂ ವಿಧಿಸಿಲ್ಲ. ಅಕ್ಸಾಯ್ ಚಿನ್ ಪ್ರದೇಶದಲ್ಲಿ ಚೀನವು ರಸ್ತೆಯನ್ನು ಕಟ್ಟಿದ ಸಂಗತಿಯು ಲೋಕಸಭೆಗೆ ತಿಳಿದುದು 1959ರ ಆಗಸ್ಟದಲ್ಲಿ, ರಸ್ತೆಯು ಮುಗಿದು ವರ್ಷಗಳು ಕಳೆದ ಮೇಲೆ. ಆಗ ಪ್ರಶ್ನೆಗಳು ಬಹಳ ಬಂದವು, ಉತ್ತರಗಳೂ ಬಂದವು.

ಪ್ರಶ್ನೆಯ ಗಳಿಗೆಯಲ್ಲಿ ಮಂತ್ರಿಯು ಎದ್ದು ನಿಲ್ಲುವದು ಪ್ರಜಾರಾಜ್ಯದ ಭೂಷಣ. ಆದರೆ ಭೂಷಣವೇ ಕವಚವಲ್ಲ. ಕಾರ್ಯವು ನಡೆಯುವ ಮೊದಲು ಸಭೆಯು ಬೇಡವೆನ್ನಲು ಶಕ್ತವಾಗಿದ್ದರೆ ಮಾತ್ರ ಕಾರ್ಯವಾದ ಮೇಲೆ ಏಕೆಂದು ಕೇಳುವ ಮಾತಿಗೆ ಬೆಲೆ. ಸೆರೆಯಾಳುಗಳ ಹೆಸರನ್ನು ಕೂಗಿ ಪ್ರಾರಂಭವಾದ ಡಾಯಿಲ್ ಸಭೆಯು ಈ ಮಾತನ್ನು ಮರೆಯಲಾರದೆಂದು ನಂಬುತ್ತೇವೆ. ಅದು ತನ್ನ ಬೀಗವನ್ನು ಕಾಯ್ದುಕೊಂಡರೆ, ಬೀಗವೇ ಇಲ್ಲದ ನಮ್ಮಂಥವರಿಗೂ ಅದೊಂದು ಪಾಠವಾದೀತು.