ಹೆರಿಗೆ ಮನೆಯಲ್ಲಾದರೆ

ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆಯನ್ನು ಅರಿಯದ ಕುಟುಂಬ ಈ ಜಿಲ್ಲೆಯಲ್ಲಿ ಇರಲಾರದು. ಇಂದು ಛತ್ರಪತಿ ಪ್ರಮಿಳಾ ರಾಜೆಯವರ ಹೆಸರು ಹೊತ್ತಿರುವ ಈ ಆಸ್ಪತ್ರೆಗೆ ಸಂಸ್ಥಾನದ ಕಾಲದಲ್ಲಿ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯೆಂದು ಹೆಸರಿತ್ತು. 1886ರಲ್ಲಿ ಅದರ ಸ್ತ್ರೀ ವಿಭಾಗದ ಹೊಣೆಗೆ ಕೊಲ್ಹಾಪುರ ಸಂಸ್ಥಾನವು ಆರಿಸಿದ್ದು ಇಪ್ಪತ್ತೊಂದು ವರ್ಷದ ಡಾ. ಆನಂದಿಬಾಯಿ ಜೋಶಿಯವರನ್ನು. ಅದೇ ವರ್ಷ ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದಿದ್ದರು. ಅವರ ಪ್ರಬಂಧದ ವಿಷಯವೂ ಹಿಂದೂಗಳ ಪ್ರಸೂತಿ ಶಾಸ್ತ್ರವೇ ಆಗಿತ್ತು. ಅವರು ವೈದ್ಯೆಯಾಗಲು ಹೊರಟುದಕ್ಕೆ ಒಂದು ದುಃಖದ ಹಿನ್ನೆಲೆಯಿದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರು ಹೆತ್ತ ಗಂಡುಮಗು ತಕ್ಕ ವೈದ್ಯಕೀಯ ನೆರವು ದೊರೆಯದೆ ಹತ್ತೇ ದಿನ ಬದುಕಿತ್ತು. ಕೊಲ್ಹಾಪುರದ ಹುದ್ದೆಯನ್ನು ವಹಿಸಿಕೊಳ್ಳುವ ಮೊದಲೇ, 1887ರ ಫೆಬ್ರವರಿ 26ರಂದು, ಕ್ಷಯರೋಗದಿಂದ ಆನಂದಿಬಾಯಿಯವರೂ ತೀರಿಕೊಂಡರು.

ಅಂದು ಈ ಸೀಮೆಯಲ್ಲಿ ಹೆರಿಗೆಯೆಂದರೆ ಮನೆಯ ಹೆರಿಗೆಯೇ. ಗಡಹಿಂಗ್ಲಜದ ಹಳೆಯ ಕನ್ನಡ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರನ್ನು ಹುಟ್ಟಿದ ಸ್ಥಳ ಕೇಳಿದರೆ ಅವರು ಊರಿನ ಹೆಸರು ಹೇಳುವುದಿಲ್ಲ. ಒಳಮನೆಯ ಮೂಲೆಯನ್ನು ತೋರಿಸುತ್ತಾರೆ. ಕನ್ನಡದ ಸೂಲಗಿತ್ತಿ, ಮರಾಠಿಯ ಸುಯೀಣ ಇಬ್ಬರೂ ಒಂದೇ ಓಣಿಯಲ್ಲಿದ್ದವರು. ನೋವು ಕಾಣಿಸಿದೊಡನೆ ಕರೆ ಹೋಗುತ್ತಿತ್ತು. ಬಿಸಿನೀರು, ಹಳೆಯ ಸೀರೆ, ಹೊರಸು, ಸೊಂಟ ನೀವುವ ಕೈ, ಕಿವಿಯ ಬಳಿ ಧೈರ್ಯ ಹೇಳುವ ತಾಯಿಯ ದನಿ ಎಲ್ಲವೂ ಅಲ್ಲಿದ್ದವು. ಹೆತ್ತ ಮೇಲೆ ಎರೆಯುವುದು, ಧೂಪದ ಹೊಗೆ, ಅಜವಾನ, ಅಂಟಿನ ಉಂಡಿ, ಐದನೆಯ ದಿನದ ಪೂಜೆ ಎಂದು ಬಾಣಂತನವು ನಡೆಯುತ್ತಿತ್ತು. ಹೆಣ್ಣು ತನಗೆ ಪರಿಚಿತವಾದ ಗೋಡೆಗಳ ನಡುವೆ, ತನ್ನ ಭಾಷೆಯಲ್ಲಿ ನರಳಿ, ತನ್ನವರ ಕೈಯಲ್ಲಿ ಹೆರುತ್ತಿದ್ದಳು.

ಈ ಪರಂಪರೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಂಭಾವನೆ ಬಯಸದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು; ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು. ವೈದ್ಯರಿಲ್ಲದ ಊರುಗಳಲ್ಲಿ ಇಂಥ ಕೈಗಳೇ ಆಸ್ಪತ್ರೆಯಾಗಿದ್ದವು.

ಆದರೆ ಆ ಒಳಮನೆಯ ನೆನಪುಗಳನ್ನು ಹೇಳುವವರು ಬದುಕಿ ಉಳಿದವರು ಎಂಬುದನ್ನು ಮರೆಯಬಾರದು. ಕುಡಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾಯು ತಗಲಿದ ಕೂಸುಗಳು, ಮಾಸು ಬೀಳದೆ ರಕ್ತ ಹರಿದು ಬೆಳಗಾಗುವುದರೊಳಗೆ ಹೋದ ಬಾಣಂತಿಯರು ಕಥೆ ಹೇಳಲು ಉಳಿಯಲಿಲ್ಲ. ಬಹುತೇಕ ಹಿರಿಯ ಕುಟುಂಬಗಳ ವಂಶಾವಳಿಯಲ್ಲಿ ಎರಡನೆಯ ಹೆಂಡತಿಯೊಬ್ಬಳು ಕಾಣಿಸುವುದಕ್ಕೆ ಅನೇಕ ವೇಳೆ ಇದೇ ಕಾರಣ. ಇಂದಿನ ಲೆಕ್ಕಗಳು ಬೇರೆ. 2001-03ರಲ್ಲಿ ಮಹಾರಾಷ್ಟ್ರದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 149 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 33ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು 228ರಿಂದ 69ಕ್ಕೆ ಬಂದಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದ ಶೇ. 94.7ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದಿವೆ. ಉಳಿದ ನೂರಕ್ಕೆ ಐದು ಹೆರಿಗೆಗಳು ಎಲ್ಲಿ ಆಗುತ್ತವೆ? ಕಬ್ಬು ಕಡಿಯಲು ಬಂದವರ ಗುಡಿಸಲುಗಳಲ್ಲಿ, ಆಜರಾ–ಚಂದಗಡದ ಗುಡ್ಡಗಾಡಿನ ವಾಡಿಗಳಲ್ಲಿ, ಗಂಡ ರಾತ್ರಿ ಪಾಳಿಗೆ ಹೋದಾಗ ಒಬ್ಬಳೇ ಇರುವ ಇಚಲಕರಂಜಿಯ ಮಗ್ಗದ ಕಾರ್ಮಿಕನ ಬಾಡಿಗೆ ಕೋಣೆಯಲ್ಲಿ ಇಂಥ ಹೆರಿಗೆ ಆಗಬಹುದು. ಇನ್ನು ಕೆಲವೆಡೆ ಓದಿದ ದಂಪತಿಗಳೇ ಆಸ್ಪತ್ರೆಯನ್ನು ಬೇಡವೆಂದು ಮನೆಯನ್ನು ಆರಿಸಿಕೊಳ್ಳುತ್ತಿದ್ದಾರೆ.

ಹಾಗೆ ಆರಿಸಿಕೊಳ್ಳುವವರು ವಿದೇಶಗಳ ಉದಾಹರಣೆ ಕೊಡುವುದುಂಟು. ಇಂಗ್ಲೆಂಡಿನಲ್ಲಿ ತೊಡಕಿನ ಲಕ್ಷಣಗಳಿಲ್ಲದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎರಡನೆಯ ಅಥವಾ ನಂತರದ ಹೆರಿಗೆಯಾದರೆ ಮನೆಗೂ ಆಸ್ಪತ್ರೆಗೂ ಮಗುವಿನ ಸುರಕ್ಷತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಮಗುವಿಗೆ ಗಂಭೀರ ತೊಂದರೆಯಾದುದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಆದರೆ ಮನೆಯಲ್ಲಿ 9.3. ಚೊಚ್ಚಲ ಹೆರಿಗೆಗೆಂದು ಮನೆಯನ್ನು ಆರಿಸಿಕೊಂಡವರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿನ ಮನೆಯ ಹೆರಿಗೆಗೆ ತರಬೇತಾದ, ನೋಂದಾಯಿತ ಸೂಲಗಿತ್ತಿ ಔಷಧಗಳೊಡನೆ ಬರುತ್ತಾಳೆ. ಕರೆದರೆ ವಾಹನ ಬರುತ್ತದೆ. ಆಸ್ಪತ್ರೆಯ ಬಾಗಿಲು ತೆರೆದೇ ಇರುತ್ತದೆ. ಆ ವ್ಯವಸ್ಥೆಯನ್ನು ಬಿಟ್ಟು ಆ ಅಂಕಿಗಳನ್ನು ಮಾತ್ರ ಎರವಲು ತರಲಾಗದು.

ಅಪಾಯದ ಗಡಿಯಾರ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ಒಂದು ಸಂಗತಿ ತಿಳಿಸುತ್ತದೆ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಚಿಕಿತ್ಸೆಯಿಲ್ಲದಿದ್ದರೆ ಸುಮಾರು ಎರಡು ಗಂಟೆಗಳಲ್ಲಿ ತಾಯಿಯ ಪ್ರಾಣ ತೆಗೆಯಬಲ್ಲದು. ಆಸ್ಪತ್ರೆಯಲ್ಲಿ ಮಗು ಹುಟ್ಟಿದ ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುವುದು ಇದನ್ನು ತಡೆಯಲೆಂದೇ. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರಕ್ತಹೀನತೆಯುಳ್ಳವರಾದ್ದರಿಂದ ಸ್ವಲ್ಪ ರಕ್ತ ಹೋದರೂ ಅವರಿಗೆ ತಡೆಯದು. ಗಡಹಿಂಗ್ಲಜದಿಂದ ಕೊಲ್ಹಾಪುರ ಅರವತ್ತು ಕಿ.ಮೀ.ಗೂ ಹೆಚ್ಚು ದೂರ. ವಾಹನ ಹುಡುಕಿ ಹೊರಡುವುದರಲ್ಲಿ ಮುಕ್ಕಾಲು ಗಂಟೆ ಕಳೆದರೆ ಆ ಎರಡು ಗಂಟೆಗಳಲ್ಲಿ ಉಳಿಯುವುದೆಷ್ಟು? ಮಗುವಿನ ಲೆಕ್ಕ ಇನ್ನೂ ಚಿಕ್ಕದು. ಉಸಿರಾಡದ ಕೂಸಿಗೆ ಮೊದಲ ನಿಮಿಷದಲ್ಲೇ ನೆರವು ಬೇಕು.

ತಾಯಂದಿರ ಸಾವನ್ನು ಅಭ್ಯಸಿಸಿದವರು ಮೂರು ತಡಗಳನ್ನು ಗುರುತಿಸಿದ್ದಾರೆ: ಹೊರಡಬೇಕೆಂದು ನಿರ್ಧರಿಸುವ ತಡ, ತಲಪುವ ತಡ, ತಲಪಿದ ಮೇಲೆ ಚಿಕಿತ್ಸೆ ದೊರೆಯುವ ತಡ. ಮೊದಲನೆಯದು ಮನೆಯೊಳಗಿನದು. “ಬೆಳಗಾಗಲಿ, ಮಾವನವರು ಬರಲಿ” ಎಂಬ ಮಾತಿನಲ್ಲಿ ಅದು ಅಡಗಿದೆ. ಎರಡನೆಯದು ರಸ್ತೆಯದು. 2019ರ ಆಗಸ್ಟ್‌ನ ಪ್ರವಾಹದಲ್ಲಿ ಪಂಚಗಂಗೆ ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಹಲವು ದಿನ ಮುಚ್ಚಿದುದನ್ನು ಈ ಭಾಗದವರು ಮರೆತಿಲ್ಲ. 2005ರಲ್ಲೂ 2021ರಲ್ಲೂ ಅದೇ ಗತಿ. ನದಿದಂಡೆಯ ಊರಿನಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ದಿನ ತುಂಬುವ ಗರ್ಭಿಣಿಯನ್ನು ನೀರು ಏರುವ ಮೊದಲೇ ಆಸ್ಪತ್ರೆಯಿರುವ ಊರಿನ ಬಂಧುಗಳಲ್ಲಿಗೆ ಕಳಿಸುವುದು ವಿವೇಕ. ಮೂರನೆಯ ತಡವು ಸರ್ಕಾರದ ಹೊಣೆ. ಇಲ್ಲಿಗೆ ಕಾನೂನಿನ ಮಾತು ಬರುತ್ತದೆ.

ಮನೆಯಲ್ಲಿ ಹೆರುವುದನ್ನು ಭಾರತದ ಯಾವ ಕಾನೂನೂ ಅಪರಾಧವೆಂದು ಹೇಳಿಲ್ಲ. ಆದರೆ ಪ್ರಾಣ ಹೋಗುತ್ತಿರುವಾಗ ನೆರವನ್ನು ತಡೆದವರು ಅಪರಾಧದ ಹೊಣೆಯಿಂದ ಪಾರಾಗಲಾರರು. 2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಐದನೆಯ ಮಗುವನ್ನು ಮನೆಯಲ್ಲಿ ಹೆತ್ತ ಮಹಿಳೆಯೊಬ್ಬರು ಮೃತಪಟ್ಟಾಗ ಪೊಲೀಸರು ಪತಿಯನ್ನು ಬಂಧಿಸಿದರು. ಹಿಂದಿನ ಹೆರಿಗೆಗಳು ಸುಸೂತ್ರವಾಗಿದ್ದುದು ಮುಂದಿನ ಹೆರಿಗೆಗೆ ಜಾಮೀನಾಗದು.

ಅದರ ಇನ್ನೊಂದು ಬದಿಯೂ ಇದೆ. ಮನೆಯ ಹೆರಿಗೆ ಅನೇಕ ವೇಳೆ ಆಯ್ಕೆಯಲ್ಲ, ನಿರಾಕರಣೆಯ ಫಲ. 2010ರ ಜನವರಿಯಲ್ಲಿ ದೆಹಲಿಯ ಬಡ ಮಹಿಳೆಯೊಬ್ಬಳು ತರಬೇತಾದವರ ನೆರವಿಲ್ಲದೆ ಮನೆಯಲ್ಲಿ ಹೆತ್ತು ರಕ್ತಸ್ರಾವದಿಂದ ಸತ್ತಳು. ಇನ್ನೊಬ್ಬಳು ಮರದ ಕೆಳಗೆ ಹೆತ್ತಳು. ಈ ಇಬ್ಬರ ವಿಷಯದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು ಅದೇ ವರ್ಷದ ಜೂನ್ 4ರಂದು ತೀರ್ಪಿತ್ತು, ಹೆರಿಗೆಯ ಕಾಲದ ಆರೈಕೆಯು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸಾರಿದರು. ಬೇರೆ ರಾಜ್ಯದಿಂದ ಬಂದ ಬಡ ಗರ್ಭಿಣಿಗೆ ಯೋಜನೆಗಳ ಲಾಭವು ರಾಜ್ಯದ ಗಡಿ ದಾಟಿಯೂ ದೊರೆಯಬೇಕಾದ ಅಗತ್ಯವನ್ನು ಆ ತೀರ್ಪು ಎತ್ತಿ ಹೇಳಿತು. ಗಡಿಯ ಕನ್ನಡಿಗರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗಡಹಿಂಗ್ಲಜದ ಸೊಸೆಯ ತವರು ಸಂಕೇಶ್ವರ. ಇಚಲಕರಂಜಿಯ ಮಗಳ ಗಂಡನ ಮನೆ ಚಿಕ್ಕೋಡಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ವಾಡಿಕೆಯು ಗರ್ಭಿಣಿಯನ್ನು ತಿಂಗಳು ತುಂಬುವ ಹೊತ್ತಿಗೆ ಒಂದು ರಾಜ್ಯದಿಂದ ಮತ್ತೊಂದಕ್ಕೆ ಒಯ್ಯುತ್ತದೆ. ತಾಯಿ ಕಾರ್ಡ್ ಒಂದು ಕಡೆ, ಹೆರಿಗೆ ಇನ್ನೊಂದು ಕಡೆ. ಹೊರಡುವಾಗ ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡದ ದಾಖಲೆಗಳಿರುವ ಕಾರ್ಡನ್ನು ಜೊತೆಗೆ ಒಯ್ಯುವುದೂ, ತವರೂರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸುವುದೂ ಅವಶ್ಯ.

2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗೆ ಬಂದ ಪ್ರತಿ ಗರ್ಭಿಣಿಗೂ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ ಹಾಗೂ ಮನೆಯಿಂದ ಹೋಗಿ ಬರುವ ವಾಹನ ಉಚಿತ. 102 ಮತ್ತು 108 ಸಂಖ್ಯೆಗಳು ಇದಕ್ಕಾಗಿಯೇ ಇವೆ. ಮನೆಯಲ್ಲಿ ಹೆತ್ತವಳನ್ನೂ ಯೋಜನೆಗಳು ಕೈಬಿಟ್ಟಿಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ತಾಯಿಗೆ ಮನೆಯ ಹೆರಿಗೆಗೂ 500 ರೂಪಾಯಿ ಉಂಟು. ಆಶಾ ಕಾರ್ಯಕರ್ತೆಯು ಮೊದಲ ದಿನದಿಂದ 42ನೆಯ ದಿನದವರೆಗೆ ಏಳು ಬಾರಿ ಮನೆಗೆ ಬಂದು ಕೂಸನ್ನು ನೋಡಬೇಕು.

ಶಾಲೆಗೆ ಮಕ್ಕಳನ್ನು ಕಳಿಸುವ ಕುಟುಂಬಗಳು ತಿಳಿಯಬೇಕಾದ ಮತ್ತೊಂದು ವಿಷಯ ನೋಂದಣಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿಯನ್ನು ಆಸ್ಪತ್ರೆಯೇ ಕಳಿಸುತ್ತದೆ. ಮನೆಯಲ್ಲಿ ಹುಟ್ಟಿದರೆ 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಆ ಹೊಣೆ ಮನೆಯ ಯಜಮಾನನದು. ಅವಧಿ 21 ದಿನ. ಹಳ್ಳಿಯಲ್ಲಿ ಗ್ರಾಮಸೇವಕರ ಬಳಿ, ಪಟ್ಟಣದಲ್ಲಿ ನಗರ ಆಡಳಿತದ ಕಚೇರಿಯಲ್ಲಿ ತಿಳಿಸಬೇಕು. ಹೆಸರಿಟ್ಟಿರದಿದ್ದರೂ ನೋಂದಣಿ ಆಗುತ್ತದೆ. ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಮೂವತ್ತು ದಿನಗಳವರೆಗೆ ತಡಶುಲ್ಕ, ಅಲ್ಲಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ನೋಂದಣಿಯಾಗುವುದು ಮಗು ಹುಟ್ಟಿದ ಸ್ಥಳದಲ್ಲಿ, ತಂದೆಯ ವಾಸಸ್ಥಳದಲ್ಲಲ್ಲ. ಸಂಕೇಶ್ವರದ ತವರುಮನೆಯಲ್ಲಿ ಹುಟ್ಟಿದ ಮಗುವಿನ ಪ್ರಮಾಣಪತ್ರಕ್ಕಾಗಿ ಗಡಹಿಂಗ್ಲಜದ ಕಚೇರಿಯಲ್ಲಿ ಅಲೆದು ಫಲವಿಲ್ಲ. ದಾರಿಯಲ್ಲಿ, ಓಡುವ ವಾಹನದಲ್ಲಿ ಹೆರಿಗೆಯಾದರೆ ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕು.

2023ರ ತಿದ್ದುಪಡಿಯ ನಂತರ ಈ ಕಾಗದದ ತೂಕ ಹೆಚ್ಚಿದೆ. ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಆಧಾರ್, ಮತದಾರರ ಪಟ್ಟಿ, ವಾಹನ ಪರವಾನಗಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನ ಮತ್ತು ಜನ್ಮಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಆ ಮಕ್ಕಳು 2029-30ರ ಹೊತ್ತಿಗೆ ಒಂದನೆಯ ತರಗತಿಯ ಬಾಗಿಲಿಗೆ ಬರುವರು. ವಯಸ್ಸಿನ ಪುರಾವೆಯಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಅಧಿನಿಯಮದ 14ನೆಯ ಕಲಮು ಹೇಳುತ್ತದೆ, ನಿಜ. ಆದರೆ ಆ ಆಸರೆ ಶಾಲೆಯ ಹೊಸ್ತಿಲವರೆಗಿನದು. ಮುಂದಿನ ಕಚೇರಿಗಳಲ್ಲಿ ಅದು ನಡೆಯದು. ಕನ್ನಡದಲ್ಲೂ ಮರಾಠಿಯಲ್ಲೂ ಬೇರೆ ಬೇರೆಯಾಗಿ ಬರೆಸಿಕೊಳ್ಳುವ ತಂದೆ ತಾಯಿಯರ ಹೆಸರು, ಅಡ್ಡಹೆಸರುಗಳು ಮೊದಲ ದಿನವೇ ಆಧಾರ್‌ನಲ್ಲಿರುವಂತೆ ಸರಿಯಾಗಿ ನಮೂದಾಗಲಿ.

ಕೊನೆಗೆ, ಮನೆಯ ಹೆರಿಗೆಯ ಹಂಬಲ ಇನ್ನೂ ಏಕೆ ಉಳಿದಿದೆ ಎಂಬುದನ್ನು ಆಸ್ಪತ್ರೆಗಳೂ ಯೋಚಿಸಬೇಕು. ಒಂಟಿತನ, ಗದರಿಕೆ, ಅರ್ಥವಾಗದ ಭಾಷೆ, ಮರೆಯಿಲ್ಲದ ಮಂಚ ಇವುಗಳಿಗೆ ಅಂಜಿ ಹೆಂಗಸರು ಮನೆಯಲ್ಲೇ ತಡಮಾಡುವುದುಂಟು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಜೊತೆ ಅವಳ ಕಡೆಯ ಒಬ್ಬ ಹೆಂಗಸು ಇರಲು ಕೇಂದ್ರ ಸರ್ಕಾರವು 2016ರಲ್ಲೇ ಅವಕಾಶ ಕೊಟ್ಟಿದೆ. ತಾಯಿಯ ದನಿ, ಸೊಂಟ ನೀವುವ ಕೈ, ಒಳಮನೆ ಕೊಡುತ್ತಿದ್ದ ಧೈರ್ಯ ಆಸ್ಪತ್ರೆಯೊಳಗೂ ಬರಬಹುದು. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಏಳನೆಯ ತಿಂಗಳಲ್ಲಿ ಕುಬಸ ಮಾಡುವಾಗ ಎರಡೂ ಕಡೆಯ ಹಿರಿಯರು ಒಂದೆಡೆ ಸೇರಿರುತ್ತಾರೆ. ಉಡಿ ತುಂಬಿದ ಮೇಲೆ ಅರ್ಧ ಗಂಟೆ ಕುಳಿತು, ಯಾವ ಆಸ್ಪತ್ರೆ, ರಾತ್ರಿಯಾದರೆ ಯಾರ ವಾಹನ, ರಕ್ತ ಕೊಡಬಲ್ಲವರು ಯಾರು, ಜೊತೆಗೆ ಇರುವವಳು ಯಾರು, 21 ದಿನದೊಳಗೆ ನೋಂದಣಿ ಮಾಡಿಸುವವರು ಯಾರು ಎಂಬ ಐದು ಮಾತುಗಳನ್ನು ಗರ್ಭಿಣಿಯ ಎದುರಿನಲ್ಲೇ ನಿಶ್ಚಯಿಸಿಕೊಳ್ಳಲಿ. ಅವಳ ಅಭಿಪ್ರಾಯವನ್ನು ಮೊದಲು ಕೇಳಲಿ.